ಆಗರಕರರೂ ಅವರ ವಿರೋಧಿಗಳೂ

ನಾಲ್ಕು ಜನ ಓದುಬರಹ ಬಲ್ಲವರು ಕೂಡಿದಲ್ಲೆಲ್ಲ ಇತ್ತೀಚೆಗೆ ಒಂದು ಮಾತು ಹೊರಡುತ್ತದೆ. ಹಿಂದಿನವರಲ್ಲಿ ಪರಮತಸಹಿಷ್ಣುತೆಯಿತ್ತು, ಒಬ್ಬನು ತನಗೆ ತೋರಿದ್ದನ್ನು ನಿರ್ಭಯವಾಗಿ ಹೇಳಬಹುದಾಗಿತ್ತು, ಇಂದು ಆ ಸೈರಣೆ ಅಳಿದುಹೋಗಿದೆಯೆಂದು ಒಬ್ಬರು ನಿಟ್ಟುಸಿರು ಬಿಡುತ್ತಾರೆ. ಹಿಂದಿನ ಕಾಲವೆಂಬುದು ಬಹಿಷ್ಕಾರದ ಕಾಲ, ಅಂದು ಬಾಯಿ ತೆರೆದವನಿಗೆ ನೀರು ಬೆಂಕಿ ತಪ್ಪುತ್ತಿದ್ದವು, ಅದಕ್ಕಿಂತ ಇಂದೇ ಲೇಸೆಂದು ಮತ್ತೊಬ್ಬರು ಉತ್ತರ ಕೊಡುತ್ತಾರೆ. ವಾದವು ಅಲ್ಲಿಗೇ ನಿಲ್ಲುತ್ತದೆ. ಏಕೆಂದರೆ ಇಬ್ಬರೂ ಹಿಂದಿನ ಕಾಲವನ್ನು ತಮ್ಮ ಮನಸ್ಸಿನಿಂದ ಕಟ್ಟಿಕೊಂಡವರೇ ಹೊರತು ಅದರೊಳಗೆ ಬಾಳಿದ ಒಬ್ಬ ಮನುಷ್ಯನನ್ನು ಕಣ್ಣೆದುರು ನಿಲ್ಲಿಸಿಕೊಂಡವರಲ್ಲ. ಅಂಥವರೊಬ್ಬರನ್ನು ಇಂದು ವಾಚಕರ ಮುಂದೆ ನಿಲ್ಲಿಸಬೇಕೆಂದಿದ್ದೇವೆ. ಅವರು ಪುಣೆಯ ಗೋಪಾಳ ಗಣೇಶ ಆಗರಕರರು.

ಈ ಹೆಸರನ್ನು ಆರಿಸಿಕೊಂಡದ್ದಕ್ಕೆ ನಮ್ಮ ಸ್ವಂತ ಕಾರಣವೂ ಒಂದುಂಟು. ನಮ್ಮಂಥ ರಾಷ್ಟ್ರೀಯ ಪಕ್ಷದ ಪತ್ರಿಕೆಗಳೆಲ್ಲ ಲೋಕಮಾನ್ಯ ಟಿಳಕರ ಭಾವಚಿತ್ರವನ್ನು ಕಚೇರಿಯ ಗೋಡೆಗೆ ತೂಗುಹಾಕಿಕೊಂಡು ಬೆಳೆದಂಥವು. ಆ ಭಾವಚಿತ್ರದ ಮಗ್ಗುಲಲ್ಲಿ ಆಗರಕರರದು ಇರಬೇಕಾದದ್ದು ನ್ಯಾಯವಾಗಿತ್ತು. ಆದರೆ ಎಲ್ಲಿಯೂ ಇರುವದಿಲ್ಲ. ಆ ಹೆಸರು ಬಂದಾಗ ನಾವು ಒಂದೆರಡು ಗೌರವದ ಮಾತನಾಡಿ ಮುಂದಕ್ಕೆ ಸಾಗುವದು ವಾಡಿಕೆ. ಹಾಗೇಕೆ ಸಾಗುತ್ತೇವೆಂಬುದನ್ನು ಒಮ್ಮೆಯಾದರೂ ಒಪ್ಪಿಕೊಳ್ಳತಕ್ಕದ್ದು.

ಆಗರಕರರು ಹುಟ್ಟಿದ್ದು 1856ನೆಯ ಇಸವಿಯ ಜುಲೈ 14ರಂದು, ಸಾತಾರಾ ಜಿಲ್ಲೆಯ ಕರಾಡದ ಹತ್ತಿರದ ಟೆಂಭೂ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಕಡುಬಡತನ. ಕರಾಡದಲ್ಲಿ ಸ್ವಲ್ಪ ಇಂಗ್ಲಿಷ್ ಕಲಿತ ಹುಡುಗನು ಮುನಸೀಫರ ಕಚೇರಿಯಲ್ಲಿ ಕಾರಕೂನಿಕೆಗೆ ನಿಲ್ಲಬೇಕಾಯಿತು. ಅಲ್ಲಿಯೇ ನಿಂತಿದ್ದರೆ ಮುಪ್ಪಿನಲ್ಲಿ ಶಿರಸ್ತೇದಾರನಾಗಿ ನಿವೃತ್ತಿವೇತನ ಪಡೆಯುತ್ತಿದ್ದನೇನೋ! ಆದರೆ ವಿದ್ಯೆಯ ಹಂಬಲವು ಅವನನ್ನು ಮೊದಲು ರತ್ನಾಗಿರಿಗೂ, ಆಮೇಲೆ ಬಹು ದೂರದ ವರ್‍ಹಾಡ ಪ್ರಾಂತದ ಅಕೋಲೆಗೂ ಕೊಂಡೊಯ್ದಿತು. ಅಕೋಲೆಯಲ್ಲಿ ವಿಷ್ಣು ಮೋರೇಶ್ವರ ಮಹಾಜನಿಯವರೆಂಬ ಗುರುಗಳ ಆಶ್ರಯ ದೊರೆತು 1875ರಲ್ಲಿ ಮ್ಯಾಟ್ರಿಕ್ ಪರೀಕ್ಷೆ ಮುಗಿಯಿತು. ಅಲ್ಲಿಂದ ಪುಣೆಯ ಡೆಕ್ಕನ್ ಕಾಲೇಜು. ಒಂದೇ ಅಂಗಿಯನ್ನು ರಾತ್ರಿ ಒಗೆದು ಒಣಗಿಸಿ ಬೆಳಗ್ಗೆ ತೊಡುತ್ತಿದ್ದರೆಂದು ಅವರ ವಿದ್ಯಾರ್ಥಿದೆಸೆಯ ವಿಷಯದಲ್ಲಿ ಹೇಳುವದುಂಟು. ಎಂ.ಎ. ಪರೀಕ್ಷೆಯ ಕಾಲಕ್ಕೆ ಅವರು ತಾಯಿಗೆ ಒಂದು ಕಾಗದ ಬರೆದರು. ಮಗನು ದೊಡ್ಡ ಪರೀಕ್ಷೆ ಮುಗಿಸಿ ದೊಡ್ಡ ಸಂಬಳದ ಚಾಕರಿ ಹಿಡಿಯುವನೆಂಬ ಆಸೆಯನ್ನು ಕಟ್ಟಿಕೊಳ್ಳಬಾರದು, ಹೊಟ್ಟೆಗೆ ಸಾಲುವಷ್ಟರಲ್ಲಿ ತೃಪ್ತಿಪಟ್ಟು ಉಳಿದ ಕಾಲವನ್ನು ಪರಹಿತಕ್ಕೆ ಕೊಡಬೇಕೆಂದು ತಾನು ನಿಶ್ಚಯಿಸಿರುವೆನೆಂಬುದು ಅದರ ತಾತ್ಪರ್ಯ. ಆ ತಾಯಿ ಅದನ್ನು ಓದಿಸಿ ಕೇಳಿಕೊಂಡು ಏನಂದುಕೊಂಡಳೋ ಯಾರೂ ಬರೆದಿಟ್ಟಿಲ್ಲ.

ಡೆಕ್ಕನ್ ಕಾಲೇಜಿನಲ್ಲಿ ಆಗರಕರರಿಗೆ ಟಿಳಕರ ಸ್ನೇಹವಾಯಿತು. ಇಬ್ಬರೂ ಒಂದೇ ವರ್ಷದಲ್ಲಿ, ಹತ್ತು ದಿನದೊಳಗೆ ಹುಟ್ಟಿದವರು, ಇಬ್ಬರೂ ಚಿತ್ಪಾವನರು, ಇಬ್ಬರಿಗೂ ಸರಕಾರಿ ಚಾಕರಿ ಬೇಡ. ದೇಶವನ್ನೆತ್ತುವದು ಶಿಕ್ಷಣದಿಂದಲೆಂಬುದು ಇಬ್ಬರ ನಂಬಿಗೆ. ವಿಷ್ಣುಶಾಸ್ತ್ರಿ ಚಿಪಳೂಣಕರರು 1880ರ ಜನವರಿಯಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದಾಗ ಟಿಳಕರು ಕೂಡಲೆ ಸೇರಿದರು, ಆಗರಕರರು ಎಂ.ಎ. ಮುಗಿಸಿ ಬಂದು ಸೇರಿದರು. 1881ರ ಜನವರಿಯಲ್ಲಿ ಮರಾಠಿಯ ಕೇಸರಿ, ಇಂಗ್ಲಿಷಿನ ಮರಾಠಾ ಎಂಬೆರಡು ಪತ್ರಿಕೆಗಳು ಹೊರಟವು. ಕೇಸರಿಯ ಮೊದಲನೆಯ ಸಂಪಾದಕರು ಟಿಳಕರೆಂದೇ ನಮ್ಮಲ್ಲಿ ಬಹು ಜನರ ತಿಳಿವಳಿಕೆ. ಅದು ತಪ್ಪು; 1887ರ ವರೆಗೆ ಆ ಸ್ಥಾನದಲ್ಲಿದ್ದವರು ಆಗರಕರರು.

ಪತ್ರಿಕೆ ಹೊರಟು ಎರಡು ವರ್ಷ ತುಂಬುವದರೊಳಗೆ ಇಬ್ಬರೂ ತುರಂಗ ಕಂಡರು. ಕೊಲ್ಹಾಪುರದ ಎಳೆಯ ಮಹಾರಾಜರನ್ನು ಅಲ್ಲಿಯ ಕಾರಭಾರಿ ಮಾಧವರಾವ ಬರ್ವೆಯವರು ಪೀಡಿಸುತ್ತಿರುವರೆಂದು ಬರೆದದ್ದಕ್ಕೆ ಮಾನಹಾನಿಯ ಖಟ್ಲೆ ಬಿತ್ತು. ಆಧಾರವೆಂದು ನಂಬಿದ್ದ ಪತ್ರಗಳು ಕೃತ್ರಿಮವೆಂದು ಗೊತ್ತಾಗಿ 1882ರ ಜುಲೈಯಲ್ಲಿ ನಾಲ್ಕು ತಿಂಗಳ ಶಿಕ್ಷೆಯಾಯಿತು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಈ ತರುಣರಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ಬೇಕಾದಾಗ ಅದನ್ನು ಒದಗಿಸಿಕೊಟ್ಟವರು ಸತ್ಯಶೋಧಕ ಸಮಾಜದ ಜೋತಿರಾವ ಫುಲೆಯವರ ಬಳಗದ ರಾಮಶೇಟ ಉರವಣೆಯವರು. ಏರ್ಪಡಿಸಿದವರು ಸ್ವತಃ ಫುಲೆಯವರು. ಇದೇ ಫುಲೆಯವರನ್ನು ಚಿಪಳೂಣಕರರ ಲೇಖನಿ ಹೀನಾಯವಾಗಿ ಹಳಿದಿತ್ತು. ಬ್ರಾಹ್ಮಣರ ಪ್ರಭುತ್ವವನ್ನು ಬೇರುಸಹಿತ ಕೀಳಬೇಕೆಂದ ಮನುಷ್ಯನು ಬ್ರಾಹ್ಮಣ ಸಂಪಾದಕರಿಬ್ಬರು ಕಷ್ಟಕ್ಕೆ ಸಿಕ್ಕಾಗ ಲೆಕ್ಕ ತೀರಿಸಿಕೊಳ್ಳಲು ಕುಳಿತುಕೊಳ್ಳಲಿಲ್ಲ. ಇಂಥದೊಂದು ಉಪಕಾರವನ್ನು ಇಂದಿನ ಯಾವ ಪಕ್ಷದವರು ಯಾವ ಪಕ್ಷದವರಿಗೆ ಮಾಡಿಯಾರೆಂದು ನಾವು ಬಹಳ ಹೊತ್ತು ಆಲೋಚಿಸಿ ನೋಡಿದೆವು. ಒಂದು ಹೆಸರೂ ಹೊಳೆಯಲಿಲ್ಲ.

ಮುಂಬಯಿಯ ಡೋಂಗರಿ ತುರಂಗದಲ್ಲಿ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಈ ಇಬ್ಬರು 101 ದಿನ ಕಳೆದರು. ಆ ದಿನಗಳ ವೃತ್ತಾಂತವನ್ನು ಆಗರಕರರು ಪುಸ್ತಕವಾಗಿ ಬರೆದಿದ್ದಾರೆ. ರಾತ್ರಿಯಲ್ಲಿ ಇಬ್ಬರಿಗೂ ಅದೆಂಥ ವಾದ ನಡೆಯುತ್ತಿತ್ತೆಂದರೆ ಕಾವಲಿನವರು ಬಂದು ಸುಮ್ಮನಾಗಿಸಬೇಕಾಗುತ್ತಿತ್ತು. ಸಮಾಜಸುಧಾರಣೆ ಮೊದಲೋ ಸ್ವರಾಜ್ಯ ಮೊದಲೋ ಎಂಬ ಪ್ರಶ್ನೆ ಆಗಲೇ ಅವರ ನಡುವೆ ಬಂದು ಕುಳಿತಿತ್ತು. ಒಂದೇ ಕೋಣೆ, ಒಂದೇ ಅನ್ನ, ಒಂದೇ ಶಿಕ್ಷೆ. ಮತ ಮಾತ್ರ ಬೇರೆ. ಶೇಕ್ಸಪಿಯರನ ಹ್ಯಾಮ್ಲೆಟ್ ನಾಟಕದ ಮರಾಠಿ ಭಾಷಾಂತರವನ್ನೂ ಆಗರಕರರು ಆ ಅವಧಿಯಲ್ಲಿ ಕೈಗೆತ್ತಿಕೊಂಡಿದ್ದರು. ಅದು ವಿಕಾರವಿಲಸಿತವೆಂಬ ಹೆಸರಿನಿಂದ 1883ರಲ್ಲಿ ಹೊರಬಂದಿತು.

ತುರಂಗದಿಂದ ಬಂದ ಮೇಲೆ ಕೆಲಸ ಇಮ್ಮಡಿಯಾಯಿತು. 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು. ಆಜೀವ ಸದಸ್ಯರಿಗೆ ತಿಂಗಳಿಗೆ 75 ರೂಪಾಯಿ. ಈ ಸಂಸ್ಥೆಗಳ ವಿಸ್ತಾರವಾದ ಚರಿತ್ರೆ ಇಲ್ಲಿ ಬೇಕಿಲ್ಲ. ನಮಗೆ ಬೇಕಾದದ್ದು, ಇವುಗಳೊಳಗೆ ಕುಳಿತೇ ಇಬ್ಬರು ಮಿತ್ರರು ಹೇಗೆ ಬೇರೆಯಾದರೆಂಬುದು.

ಆಗರಕರರು ಮಿಲ್ಲ, ಸ್ಪೆನ್ಸರರ ಗ್ರಂಥಗಳಲ್ಲಿ ಮುಳುಗಿದವರು. ಯಾವ ರೂಢಿಯನ್ನೇ ಆಗಲಿ ಬುದ್ಧಿಯ ಒರೆಗಲ್ಲಿಗೆ ಹಚ್ಚಿಯೇ ಒಪ್ಪಬೇಕೆಂಬ ಹಟದವರು. ವಿಧವೆಯರ ಕೇಶವಪನ, ಬಾಲ್ಯವಿವಾಹ, ಅಸ್ಪೃಶ್ಯತೆ, ಸ್ತ್ರೀಯರ ಉಡಿಗೆತೊಡಿಗೆ ಇವೆಲ್ಲದರ ಮೇಲೆಯೂ ಅವರು ಬರೆದರು. ಟಿಳಕರಿಗೆ ಈ ಸುಧಾರಣೆಗಳೆಲ್ಲವೂ ಅನಿಷ್ಟವಾಗಿದ್ದವೆಂದು ತಿಳಿಯತಕ್ಕದ್ದಲ್ಲ. ಪರಕೀಯ ಸರಕಾರದ ಕಾಯಿದೆಯಿಂದ ನಮ್ಮ ಮನೆಯ ಕಸ ಗುಡಿಸಿಸಿಕೊಳ್ಳಲಾಗದೆಂಬುದು ಅವರ ಮುಖ್ಯ ಆಕ್ಷೇಪಣೆ. ಜನರನ್ನು ಬಿಟ್ಟು ಮುಂದೆ ಓಡಿದರೆ ಜನರು ಹಿಂದೆಯೇ ಉಳಿಯುವರೆಂಬುದು ಎರಡನೆಯದು. ಈ ಆಕ್ಷೇಪಣೆಗಳಲ್ಲಿ ತಿರುಳಿರಲಿಲ್ಲವೆಂದು ನಾವು ಹೇಳುವದಿಲ್ಲ. ಆದರೆ ರಖಮಾಬಾಯಿಯ ಖಟ್ಲೆಯ ಕಾಲಕ್ಕೆ ಇದು ಬರಿಯ ತತ್ತ್ವದ ಮಾತಾಗಿ ಉಳಿಯಲಿಲ್ಲ. ಎಳವೆಯಲ್ಲಿ ತನಗೆ ಕಟ್ಟಿದ ಗಂಡನ ಮನೆಗೆ ಹೋಗಲೊಲ್ಲೆನೆಂದ ಆ ಹೆಣ್ಣುಮಗಳಿಗೆ 1887ರಲ್ಲಿ ಮುಂಬಯಿಯ ಹೈಕೋರ್ಟು ಗಂಡನ ಮನೆ ಇಲ್ಲವೆ ತುರಂಗವೆಂದು ಹೇಳಿತು. ಆಕೆ ತುರಂಗಕ್ಕೆ ಸಿದ್ಧಳೆಂದಳು. ಆಗರಕರರು ಆಕೆಯ ಪಕ್ಷ. ಟಿಳಕರು ವಿರುದ್ಧ ಪಕ್ಷ. ಒಂದೇ ಕಚೇರಿಯಲ್ಲಿ, ಒಂದೇ ಮಸಿಕುಡಿಕೆಯಲ್ಲಿ ಎರಡು ಲೇಖನಿಗಳು ಅದ್ದುವದು ಇನ್ನು ಶಕ್ಯವಿರಲಿಲ್ಲ. 1887ರ ಅಕ್ಟೋಬರದಲ್ಲಿ ಆಗರಕರರು ಕೇಸರಿಯನ್ನು ಬಿಟ್ಟರು.

ಬಿಟ್ಟವರು ಸುಮ್ಮನೆ ಕೂಡಲಿಲ್ಲ. ಮರು ವರ್ಷ, 1888ರ ಅಕ್ಟೋಬರದಲ್ಲಿ, ಸುಧಾರಕವೆಂಬ ಪತ್ರಿಕೆಯನ್ನು ಹೊರಡಿಸಿದರು. ಅದರಲ್ಲಿ ಮರಾಠಿಯ ಭಾಗ ಅವರದು. ಇಂಗ್ಲಿಷ್ ಭಾಗವನ್ನು ನೋಡಿಕೊಂಡವರು ಇಪ್ಪತ್ತೆರಡು ವರ್ಷದ ತರುಣ ಗೋಪಾಳ ಕೃಷ್ಣ ಗೋಖಲೆಯವರು. ಪತ್ರಿಕೆಯ ಉದ್ಯೋಗ ಮಾಡುವವರಿಗೆ ಒಂದು ಅನುಭವದ ಮಾತು ಗೊತ್ತಿರುತ್ತದೆ: ಜನರಿಗೆ ಬೇಡಾದ ಒಂದು ಲೇಖವನ್ನು ಅಚ್ಚು ಹಾಕಿದರೆ ಅದರ ಮೊದಲ ಉತ್ತರವು ಟಪಾಲಿನಲ್ಲಿ ಬರುವದಿಲ್ಲ, ಚಂದಾದಾರರ ಪಟ್ಟಿಯಲ್ಲಿ ಬರುತ್ತದೆ. ಆಗರಕರರು ಜನರಿಗೆ ಬೇಡಾದ ಲೇಖವನ್ನು ವಾರವಾರವೂ ಅಚ್ಚು ಹಾಕಿದರು.

ಜನರು ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ಅವರು ಬದುಕಿರುವಾಗಲೇ ಅವರ ಪ್ರತಿಕೃತಿಯನ್ನು ಮಾಡಿ, ಚಟ್ಟಕ್ಕೆ ಕಟ್ಟಿ, ಪುಣೆಯ ಬೀದಿಗಳಲ್ಲಿ ಶವಯಾತ್ರೆ ಹೊರಡಿಸಿದರು. ಮನುಷ್ಯನು ತನ್ನ ಹೆಣದ ಮೆರವಣಿಗೆಯನ್ನು ತಾನೇ ನೋಡುವ ಯೋಗ ಬಹು ವಿರಳವಾದದ್ದು. ಹೆಂಡತಿ ಯಶೋದಾಬಾಯಿಯವರ ಸ್ಥಿತಿ ಏನಾಗಿದ್ದೀತೆಂಬುದನ್ನು ನಮ್ಮ ಮನೆಗಳ ಮುತ್ತೈದೆಯರನ್ನು ನೆನೆದುಕೊಂಡು ಊಹಿಸತಕ್ಕದ್ದು. ಗಂಡನು ಒಳಗೆ ಬರೆಯುತ್ತ ಕುಳಿತಿರುವಾಗ ಹೊರಗೆ ಅವನ ಚಟ್ಟ ಹೋಗುವದೆಂದರೇನು! ಯಶೋದಾಬಾಯಿಯವರಾದರೂ ಗಂಡನ ಮತದವರಲ್ಲ. ಅವರು ದೇವರು ದಿಂಡರು, ವ್ರತನೇಮಗಳಲ್ಲಿ ಶ್ರದ್ಧೆಯುಳ್ಳವರು. ಊರಿಗೆಲ್ಲ ನಿರೀಶ್ವರವಾದಿಯಾದ ಆಗರಕರರು ಮನೆಯಲ್ಲಿ ಹೆಂಡತಿಯ ಪೂಜೆಗೆ ಅಡ್ಡಬರಲಿಲ್ಲ. ತಮ್ಮ ಮತವನ್ನು ಆಕೆಯ ಮೇಲೆ ಹೇರಲೂ ಇಲ್ಲ. ಅವರ ಲೇಖಗಳಲ್ಲಿ ಕಾಣುವ ಉಗ್ರತೆಯನ್ನು ನೋಡಿದವರಿಗೆ ಇದು ಅಸಂಗತವಾಗಿ ತೋರಬಹುದು. ನಮಗೆ ಮಾತ್ರ ಅವರ ಜೀವನದಲ್ಲಿ ಅತ್ಯಂತ ಸುಸಂಗತವಾದ ಭಾಗವೇ ಇದೆಂದು ತೋರುತ್ತದೆ.

ಶವಯಾತ್ರೆಯ ಸಂಗತಿಯನ್ನು ಕೇಳಿದವರು, ನೋಡಿರಿ, ಆಗಲೂ ಅಸಹಿಷ್ಣುತೆಯಿತ್ತಲ್ಲ ಎನ್ನುವರು. ಇತ್ತು, ಅಲ್ಲವೆನ್ನುವವರಾರು? ಆದರೆ ಅದೇ ಊರಿನಲ್ಲಿ ಅದೇ ಆಗರಕರರು ಹುಡುಗರಿಗೆ ಪಾಠ ಹೇಳುತ್ತಿದ್ದರು. 1892ರಲ್ಲಿ ಪ್ರಿನ್ಸಿಪಾಲ ವಾಮನ ಶಿವರಾಮ ಆಪಟೆಯವರು ತೀರಿಕೊಂಡಾಗ ಕಾಲೇಜಿನ ಮುಖ್ಯಸ್ಥಾನವನ್ನು ಸಂಸ್ಥೆ ಆಗರಕರರಿಗೇ ಕೊಟ್ಟಿತು. ಕೇಸರಿಯು ಸುಧಾರಕವನ್ನು ಕಟುವಾಗಿ ಖಂಡಿಸಿತು, ಸುಧಾರಕವು ಕೇಸರಿಗೆ ಅಷ್ಟೇ ಕಟುವಾಗಿ ತಿರುಗಿ ಬರೆಯಿತು. ಎರಡೂ ಕಡೆಯವರು ಒಬ್ಬರನ್ನೊಬ್ಬರು ಓದಿದರು. ಓದದೆ ಖಂಡಿಸುವ ಸೌಕರ್ಯ ಆಗ ಇನ್ನೂ ಬಂದಿರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಈ ಸಹಿಷ್ಣುತೆಯ ವರ್ತುಲವು ಬಹು ಕಿರಿದಾಗಿತ್ತೆಂಬುದನ್ನೂ ಮುಚ್ಚಿಡಬಾರದು. ಒಂದೇ ಓಣಿಯ, ಒಂದೇ ಜಾತಿಯ, ಒಂದೇ ಕಾಲೇಜಿನ ಗಂಡಸರು ಒಬ್ಬರನ್ನೊಬ್ಬರು ಸಹಿಸಿಕೊಂಡರು. ಯಾವ ವಿಧವೆಯ ತಲೆಯ ಬಗ್ಗೆ ಇಷ್ಟೆಲ್ಲ ವಾದ ನಡೆಯಿತೋ ಆ ವಿಧವೆಗೆ ಬಾಯಿ ತೆರೆಯುವ ಸ್ಥಳ ಬಹಳ ಮಟ್ಟಿಗೆ ಇರಲಿಲ್ಲ. ವಿಧವೆಯನ್ನು 1893ರಲ್ಲಿ ಲಗ್ನವಾದ ಅದೇ ಕಾಲೇಜಿನ ಪ್ರೊಫೆಸರ ಧೋಂಡೋ ಕೇಶವ ಕರ್ವೆಯವರಿಗೆ ಅವರ ಸ್ವಗ್ರಾಮದವರು ಬಹಿಷ್ಕಾರ ಹಾಕಿದರು. ಇಂದು ಮಾತನಾಡುವವರ ಸಂಖ್ಯೆ ಸಾವಿರಪಟ್ಟು ಹೆಚ್ಚಿದೆ. ಹೆಣ್ಣುಮಕ್ಕಳು, ಹೊಲಗೇರಿಯಿಂದ ಬಂದವರು, ಎಲ್ಲರೂ ತಮ್ಮ ಮಾತನ್ನು ತಾವೇ ಆಡುತ್ತಾರೆ. ಈ ಲಾಭವನ್ನು ಬರೆದುಕೊಳ್ಳದೆ ನಷ್ಟವನ್ನು ಮಾತ್ರ ಬರೆಯುವ ಜಮಾಖರ್ಚು ಪ್ರಾಮಾಣಿಕವಾದದ್ದಲ್ಲ.

ನಷ್ಟವಾದರೂ ಎಲ್ಲಿ ಮೊದಲಾಯಿತು? ನಾವು ನೋಡುವ ಮಟ್ಟಿಗೆ ಅದು ಆಗರಕರರ ಕೊನೆಯ ವರ್ಷಗಳಲ್ಲಿ, ನಮ್ಮವರ ಕೈಯಿಂದಲೇ ಮೊದಲಾಯಿತು. 1891ರಲ್ಲಿ ಸಂಮತಿವಯಸ್ಸಿನ ಕಾಯಿದೆ ಬಂದಿತು. ಹೆಣ್ಣಿನ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ, ಇಂದು ನೋಡಿದರೆ ನಾಚಿಕೆಯಾಗುವಷ್ಟು ಅಲ್ಪವಾದ ಕಾಯಿದೆ. ಆಗರಕರರು ಅದನ್ನು ಬೆಂಬಲಿಸಿದರು, ಟಿಳಕರು ವಿರೋಧಿಸಿದರು. ಆ ಕಾಲಕ್ಕೆ ಪುಣೆಯಲ್ಲಿ ಸುಧಾರಕರು ಕರೆದ ಸಭೆ ದೊಂಬಿಯಿಂದ ಮುರಿದುಬಿದ್ದಿತು. ಅಲ್ಲಿಯವರೆಗೆ ಸುಧಾರಕನು ಧರ್ಮಭ್ರಷ್ಟನಾಗಿದ್ದನು; ಅಂದಿನಿಂದ ದೇಶದ್ರೋಹಿಯೂ ಆದನು. ಈ ಎರಡರ ನಡುವಿನ ಅಂತರ ಸಣ್ಣದಲ್ಲ. ಧರ್ಮಭ್ರಷ್ಟನಿಗೆ ಪ್ರಾಯಶ್ಚಿತ್ತವುಂಟು, ಅವನು ನಮ್ಮವನೇ, ದಾರಿತಪ್ಪಿದವನು. ದೇಶದ್ರೋಹಿಯಾದರೋ ನಮ್ಮವನೇ ಅಲ್ಲ. ಆಗರಕರರು ತೀರಿದ ಆರು ತಿಂಗಳಿಗೆ, 1895ರ ಡಿಸೆಂಬರದಲ್ಲಿ, ಕಾಂಗ್ರೆಸ್ಸಿನ ಅಧಿವೇಶನ ಪುಣೆಯಲ್ಲಿ ನೆರೆಯಿತು. ಕಾಂಗ್ರೆಸ್ಸು ಮುಗಿದ ಮೇಲೆ ಅದೇ ಮಂಟಪದಲ್ಲಿ ಸಾಮಾಜಿಕ ಪರಿಷತ್ತು ಕೂಡುವದು ಕೆಲವು ವರ್ಷಗಳ ರೂಢಿಯಾಗಿತ್ತು. ಈ ಸಾರೆ ಕೂಡಿದರೆ ಮಂಟಪವನ್ನೇ ಸುಟ್ಟುಬಿಡುವೆವೆಂಬ ಬೆದರಿಕೆ ಬಂದಿತು. ನ್ಯಾಯಮೂರ್ತಿ ರಾನಡೆಯವರು ಜಗಳ ಬೇಡವೆಂದು ಪರಿಷತ್ತನ್ನು ಬೇರೆ ಕಡೆಗೆ ಒಯ್ದರು. ನಮ್ಮ ಪಕ್ಷದ ಚರಿತ್ರಕಾರರು ಇದನ್ನು ಟಿಳಕರ ವಿಜಯವೆಂದು ಬರೆದಿದ್ದಾರೆ. ನಾವೂ ಒಂದು ಕಾಲಕ್ಕೆ ಹಾಗೆಯೇ ಓದಿಕೊಂಡೆವು, ಹೆಮ್ಮೆಯನ್ನೂ ಪಟ್ಟೆವು. ಇಂದು ಆ ಪುಟವನ್ನು ತೆರೆದರೆ ಹೆಮ್ಮೆಯ ಬದಲು ಬೇರೆ ಭಾವನೆ ಬರುತ್ತದೆ. ದೇಶಭಕ್ತಿಯನ್ನು ವಾದದ ಉತ್ತರವಾಗಿ ಬಳಸುವ ಪಾಠವನ್ನು ಜನರಿಗೆ ಕಲಿಸಿದವರಲ್ಲಿ ರಾಷ್ಟ್ರೀಯ ಪತ್ರಿಕೆಗಳವರಾದ ನಾವು ಮೊದಲಿಗರು.

ಕಾಯಿದೆಯ ಕಡೆಗೂ ನೋಡತಕ್ಕದ್ದು. ಅಧಿಕಾರಿವರ್ಗದ ವಾಚಕರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ವರ್ಗವರ್ಗಗಳಲ್ಲಿ ದ್ವೇಷ ಬಿತ್ತಿದವನಿಗೆ ಶಿಕ್ಷೆ ವಿಧಿಸುವ 153-ಅ ಕಲಮು ಇಂಡಿಯನ್ ಪೀನಲ್ ಕೋಡಿನಲ್ಲಿ ಸೇರಿದ್ದು 1898ರಲ್ಲಿ. ಧಾರ್ಮಿಕ ಭಾವನೆಗೆ ಅಪಮಾನ ಮಾಡಿದವನಿಗೆ ಶಿಕ್ಷೆ ವಿಧಿಸುವ 295-ಅ ಸೇರಿದ್ದು 1927ರಲ್ಲಿ. ಆಗರಕರರು ಬರೆಯುತ್ತಿದ್ದಾಗ ಇವೆರಡೂ ಇರಲಿಲ್ಲ. ಅವರ ಮೇಲೆ ಸಿಟ್ಟು ಬಂದವನು ಪೋಲೀಸ್ ಚೌಕಿಗೆ ಹೋಗಿ ತನ್ನ ಭಾವನೆಗೆ ನೋವಾಯಿತೆಂದು ಫಿರ್ಯಾದು ಕೊಡುವ ಹಾಗಿರಲಿಲ್ಲ. ಉತ್ತರ ಬರೆಯಬೇಕಿತ್ತು, ಇಲ್ಲವೆ ಹುಲ್ಲಿನ ಗೊಂಬೆ ಮಾಡಬೇಕಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ಎರಡು ಕಲಮುಗಳು 196, 299 ಎಂಬ ಹೊಸ ಅಂಕಿಗಳನ್ನು ತೊಟ್ಟು ಕುಳಿತಿವೆ. ಪರಕೀಯರು ಬಿಟ್ಟುಹೋದ ವಸ್ತುಗಳಲ್ಲಿ ನಾವು ಇಷ್ಟು ಮಮತೆಯಿಂದ ಕಾಪಾಡಿಕೊಂಡವು ಹೆಚ್ಚಿಲ್ಲ.

ಕಾಯಿದೆಯ ದಾರಿಯೂ ಉದ್ದವಾಯಿತೆಂದು ಬಗೆಯುವವರು ಈಗ ಇದ್ದಾರೆ. ಆಗರಕರರ ಚಟ್ಟ ಹೋದ ಅದೇ ಪುಣೆಯಲ್ಲಿ 2013ರ ಆಗಸ್ಟ 20ರ ಬೆಳಗ್ಗೆ ತಿರುಗಾಡಲು ಹೊರಟಿದ್ದ ಡಾಕ್ಟರ ನರೇಂದ್ರ ದಾಭೋಲ್ಕರರನ್ನು ಗುಂಡಿಟ್ಟು ಕೊಂದರು. 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದ ಗೋವಿಂದ ಪಾನಸರೆಯವರು ಗುಂಡೇಟಿಗೆ ತುತ್ತಾದರು. ಅದೇ ವರ್ಷದ ಆಗಸ್ಟ 30ರಂದು ನಮ್ಮ ಧಾರವಾಡದಲ್ಲಿ, ಮನೆಯ ಬಾಗಿಲಲ್ಲಿಯೇ, ವಚನ ವಾಙ್ಮಯಕ್ಕಾಗಿ ಆಯುಷ್ಯ ತೇದ ಎಂ. ಎಂ. ಕಲಬುರ್ಗಿಯವರ ಕೊಲೆಯಾಯಿತು. 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರ ಕೊಲೆ. ಕಲಬುರ್ಗಿಯವರಂತೂ 1989ರಲ್ಲಿಯೇ ತಮ್ಮ ಸಂಶೋಧನೆಯ ಕೆಲವು ಮಾತುಗಳನ್ನು ಸ್ವಸಮಾಜದವರ ಒತ್ತಾಯಕ್ಕೆ ಹಿಂದೆಗೆದುಕೊಂಡಿದ್ದರು. ಹಿಂದೆಗೆದುಕೊಂಡದ್ದಕ್ಕೆ ಕೊನೆಯವರೆಗೆ ಮರುಗಿದರು. ಪ್ರಾಯಶ್ಚಿತ್ತ ಮಾಡಿಸಿದ ಮೇಲೂ ಬಿಡಬಾರದೆಂಬ ನಿಯಮ ಆಗರಕರರ ಕಾಲದ ಸನಾತನಿಗಳಿಗೆ ಗೊತ್ತಿರಲಿಲ್ಲ. ಈ ಕೊಲೆಗಳಾದ ಮೇಲೆ, ಅವರಾದರೂ ಹಾಗೆ ಬರೆಯಬಾರದಾಗಿತ್ತೆಂದು ಊರಿನ ಸಭ್ಯಸ್ಥರು ಮೆಲುದನಿಯಲ್ಲಿ ಆಡಿಕೊಂಡದ್ದನ್ನು ನಾವು ಕಿವಿಯಾರೆ ಕೇಳಿದೆವು. ಕೊಂದವರು ಬೆರಳೆಣಿಕೆಯ ಜನ. ಮೆಲುದನಿಯವರು ಎಷ್ಟು ಜನವೆಂಬುದೇ ನಮ್ಮ ಚಿಂತೆ.

ಇರಲಿ. ಆಗರಕರರ ಕಡೆಯ ದಿನಗಳಿಗೆ ಬರೋಣ. ಉಬ್ಬಸದ ರೋಗವು ಅವರನ್ನು ತರುಣದೆಸೆಯಿಂದಲೇ ಹಿಡಿದಿತ್ತು. ಕಾಲೇಜು, ಪತ್ರಿಕೆ, ರಾತ್ರಿಯ ಬರವಣಿಗೆ ಇವುಗಳಿಂದ ದೇಹ ಸವೆಯಿತು. ಟಿಳಕರು 1890ರಲ್ಲಿಯೇ ಸೊಸೈಟಿಯನ್ನು ಬಿಟ್ಟುಹೋಗಿದ್ದರು. ಇಬ್ಬರಲ್ಲಿ ಮೊದಲಿನ ಹೋಗುಬರುವಿಕೆ ಉಳಿದಿರಲಿಲ್ಲ. 1895ರ ಜೂನ್ 17ರಂದು, ಮೂವತ್ತೊಂಬತ್ತು ತುಂಬಲು ಇನ್ನೂ ಕೆಲವು ದಿನಗಳಿರುವಾಗ, ಆಗರಕರರು ತೀರಿಕೊಂಡರು. ಕೇಸರಿಯಲ್ಲಿ ಅವರ ಮೃತ್ಯುಲೇಖವನ್ನು ಬರೆದವರು ಟಿಳಕರೇ. ಏಳೆಂಟು ವರ್ಷ ವಾರವಾರವೂ ಯಾರನ್ನು ಖಂಡಿಸಿ ಬರೆದಿದ್ದರೋ ಅವರ ವಿಷಯವಾಗಿ ಬರೆಯಲು ಕುಳಿತಾಗ ಡೋಂಗರಿಯ ಕೋಣೆಯೂ ಅಲ್ಲಿಯ ರಾತ್ರಿಗಳೂ ಕಣ್ಣಮುಂದೆ ಬಂದು ಅವರ ಕಣ್ಣೀರು ನಿಲ್ಲಲಿಲ್ಲವೆಂದು ಬಲ್ಲವರು ಹೇಳಿದ್ದಾರೆ.

ಆಗರಕರರ ಹಾಸಿಗೆಯ ಬಳಿ ಒಂದು ಪುಟ್ಟ ಹಣದ ಗಂಟು ಸಿಕ್ಕಿತಂತೆ. ಯಾರ ಹಂಗಿಗೂ ಬೀಳದೆ ತಮ್ಮ ಉತ್ತರಕ್ರಿಯೆ ಸಾಗಬೇಕೆಂದು, ಅದರ ವೆಚ್ಚಕ್ಕಾಗಿಯೇ ಬೇರೆ ತೆಗೆದಿಟ್ಟದ್ದೆಂದು ಚೀಟಿ ಬರೆದು ಜತೆಗಿಟ್ಟಿದ್ದರಂತೆ. ಊರವರು ಒಂದು ಸಾರೆ ಪುಕ್ಕಟೆಯಾಗಿ ಮಾಡಿ ಮುಗಿಸಿದ್ದ ಕಾರ್ಯದ ಎರಡನೆಯ ಸಲದ ಖರ್ಚನ್ನು ಅವರೇ ಕೊಟ್ಟರು.